ನಾನು ಬಿಚ್ಚದ ಬುತ್ತಿ

ನಮ್ಮ ವೈನಿಯ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈತನಕ ಸುಟ್ಟ ಕಲೆಗಳಿದ್ದವು. ಕೆಲವು ಉದ್ದಕ್ಕೆ, ಕೆಲವು ದುಂಡಗೆ, ಒಂದು ಬೆರಳಗಲ ಬಾಗಿಕೊಂಡದ್ದು. ರೊಟ್ಟಿ ಬಡಿಯುವ ಹೆಂಗಸರ ಕೈಗೆ ಹಂಚು ತಾಗುವುದು ನಮ್ಮ ಕಡೆ ದೊಡ್ಡ ಸಂಗತಿಯಲ್ಲ. ಆದರೆ ವೈನಿಯ ಕೈಯಲ್ಲಿ ಹಂಚಿನ ಕಲೆ ಒಂದೇ ಒಂದು. ಉಳಿದವೆಲ್ಲ ಹೊಸ ಅಡುಗೆ ಕಲಿಯುವಾಗ ಬಿದ್ದವು. ಯಾರಾದರೂ ಅಯ್ಯೋ ಅಂದರೆ ಆಕೆ ಬಳೆ ಹಿಂದಕ್ಕೆ ಸರಿಸಿ ಒಂದೊಂದನ್ನೇ ತೋರಿಸುತ್ತಿದ್ದಳು. “ಇದು ಜಿಲೇಬಿದು. ಇದು ಗೋಬಿ ಮಂಚೂರಿದು. ಈ ದೊಡ್ಡದೈತೆಲ್ಲ, ಇದು ಕೇಕಿಂದು. ಕುಕ್ಕರಿನ ಮುಚ್ಚಳ ಬರಿಗೈಲೆ ತಗದಿದ್ದೆ ನೋಡ್ರಿ.” ಹೇಳುವಾಗ ಆಕೆಯ ಮುಖ ಬಹುಮಾನ ತೋರಿಸುವವರ ಮುಖದ ಹಾಗಿರುತ್ತಿತ್ತು.

ವೈನಿ ಅಂದರೆ ಅಣ್ಣನ ಹೆಂಡತಿ. ಅವ್ವ ತೀರಿಕೊಂಡಾಗ ನಾನು ಒಂಬತ್ತನೇ ಇಯತ್ತೆಯಲ್ಲಿದ್ದೆ. ಎರಡು ವರ್ಷ ಅಪ್ಪ, ಅಣ್ಣ, ನಾನು ಮೂವರೂ ನನ್ನ ಕೈಯ ಅನ್ನ ಸಾರು ಉಂಡೆವು. ಅದನ್ನು ಅನ್ನ ಸಾರು ಎಂದು ಕರೆದದ್ದು ಅಪ್ಪನ ದೊಡ್ಡತನ. ಆಮೇಲೆ ಕಲಾದಗಿಯಿಂದ ವೈನಿ ಬಂದಳು. ಹಳೇ ಬಾಗಲಕೋಟೆಯ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ನವನಗರದ ಸೆಕ್ಟರಿನಲ್ಲಿ ಗೋಡೆಗೆ ಸುಣ್ಣ ಹೊಡೆಯದೆಯೇ ನಾವು ಬಂದು ಸೇರಿದ್ದ ಕಾಲ ಅದು. ಆ ಹೊಸ ಮನೆಯ ಅಡುಗೆಕೋಣೆಯಲ್ಲಿ ವೈನಿ ಮೊದಲ ಸಲ ರೊಟ್ಟಿ ಬಡಿದ ದಿನ ಅಪ್ಪ ಮೂರು ಉಂಡು, ನಾಲ್ಕನೆಯದಕ್ಕೆ ಕೈ ಚಾಚಿ, ನನ್ನ ಕಡೆ ನೋಡಿ ನಾಚಿಕೊಂಡ. ನನಗೆ ಅಳು ಬಂತು, ಆದರೆ ಬಾಯಿ ತುಂಬ ರೊಟ್ಟಿ ಇತ್ತು.

ಅಷ್ಟು ಚೆನ್ನಾಗಿ ರೊಟ್ಟಿ ಬಡಿಯುವಾಕೆಗೆ ರೊಟ್ಟಿಯ ಮೇಲೆ ಅಂಥ ಮೋಹವೇನೂ ಇರಲಿಲ್ಲ ಎಂಬುದು ಮೆಲ್ಲಗೆ ತಿಳಿಯಿತು. ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ಬಂದರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಆಕೆಗೆ ಗೊತ್ತಾಗುತ್ತಿರಲಿಲ್ಲ. ವಾರಪತ್ರಿಕೆಯ ಪುಟಗಳನ್ನು ಹರಿದು ಅಕ್ಕಿ ಡಬ್ಬಿಯೊಳಗೆ ಬಚ್ಚಿಡುತ್ತಿದ್ದಳು. ಒಮ್ಮೆ ನೂಡಲ್ಸ್ ಮಾಡುತ್ತೇನೆಂದು ಹೊರಟು, ನೂಡಲ್ಸ್ ಸಿಗದೆ ಮನೆಯ ಶಾವಿಗೆಗೇ ಸೋಯಾ ಸಾಸು ಸುರಿದಳು. ಬಟ್ಟಲಲ್ಲಿ ಇದ್ದದ್ದು ಕರ್ರಗಿನ ಅಂಟು. ಅಣ್ಣ ಅದನ್ನು ಚಮಚೆಯಿಂದ ಎತ್ತಿ ನೋಡಿ, “ಇದನ್ನ ನಮ್ಮ ಅಂಗಡ್ಯಾಗ ಮೋಟಾರ್ ವೈರಿಗೆ ಹಚ್ಚಬಹುದು” ಅಂದ. ಅವನದು ಮೋಟಾರ್ ವೈಂಡಿಂಗ್ ಅಂಗಡಿ. ವೈನಿ ಬಿದ್ದು ಬಿದ್ದು ನಕ್ಕಳು. “ಕೆಟ್ರ ಒಂದ ಸಂಜಿ ಕೆಟ್ಟೀತು, ಜಲ್ಮ ಏನ ಕೆಡೂದಿಲ್ಲ” ಎಂದು ಪಾತ್ರೆ ತಿಕ್ಕಲು ಕುಳಿತಳು. ಈ ಮಾತನ್ನು ಆಕೆ ವಾರಕ್ಕೆ ಎರಡು ಸಲವಾದರೂ ಹೇಳುತ್ತಿದ್ದಳು. ಹೇಳುವ ಪ್ರಸಂಗಗಳಿಗೆ ಏನೂ ಕೊರತೆ ಇರಲಿಲ್ಲ.

ಹೊಸದೇನು ಮಾಡಿದರೂ ಮೊದಲ ತುಣುಕು ನನಗೆ. ಅಪ್ಪನಿಗಲ್ಲ, ಅಣ್ಣನಿಗಲ್ಲ. ಅಡುಗೆಕೋಣೆಯ ಹೊಸ್ತಿಲಲ್ಲಿ ನನ್ನನ್ನು ಕೂರಿಸಿ, ಸೊಂಟದ ಮೇಲೆ ಕೈಯಿಟ್ಟು ಎದುರು ನಿಲ್ಲುತ್ತಿದ್ದಳು. ನನ್ನ ಕಣ್ಣು ನೋಡುತ್ತಿರಲಿಲ್ಲ, ದವಡೆ ನೋಡುತ್ತಿದ್ದಳು. “ಮಾರಿ ಸುಳ್ಳ ಹೇಳತೇತಿ ತಂಗೆವ್ವ. ದವಡಿ ಹೇಳೂದಿಲ್ಲ” ಅನ್ನುತ್ತಿದ್ದಳು. ದವಡೆ ಒಂದು ಕ್ಷಣ ನಿಂತರೆ ಸಾಕು, “ಉಪ್ಪು ಕಡಿಮಿ ಆಗೇತಿ, ಹೌದಲ್ಲ?” ಎಂದು ತಾನೇ ಹೇಳಿಬಿಡುತ್ತಿದ್ದಳು. ನಾನು ತಾಯಿಯಿಲ್ಲದ ಮನೆಯಲ್ಲಿ ಬೆಳೆಯುತ್ತಿದ್ದ ಹುಡುಗಿ. ನನ್ನ ಅಭಿಪ್ರಾಯ ಯಾರಿಗೂ ಬೇಕಾಗಿರಲಿಲ್ಲ. ಆ ಹೊಸ್ತಿಲಿನ ಮೇಲೆ ಮಾತ್ರ ನಾನು ನ್ಯಾಯಾಧೀಶೆ. ನನಗೆ ಆಕೆಯ ಅಡುಗೆ ನಿಜಕ್ಕೂ ಇಷ್ಟವಿತ್ತು, ಕೆಟ್ಟದ್ದೂ ಇಷ್ಟವಿತ್ತು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ, ಮುಂದೆ ಬರುತ್ತದೆ.

ನಾನು ಬಿ.ಎಡ್. ಓದುವಾಗ ನಮ್ಮ ಸೆಕ್ಟರಿನಲ್ಲೇ ಹುಬ್ಬಳ್ಳಿ ಕಡೆಯ ಮೇಡಂ ಒಬ್ಬರು ಮನೆಯ ಮಾಳಿಗೆ ಮೇಲೆ ಅಡುಗೆ ಕ್ಲಾಸು ಶುರು ಮಾಡಿದರು. ಬುಧವಾರ ಮತ್ತು ಶನಿವಾರ, ಮಧ್ಯಾಹ್ನ. ವೈನಿ ನಾಲ್ಕು ದಿನ ಮನೆಯಲ್ಲಿ ಸುಮ್ಮನೆ ಓಡಾಡಿ, ಐದನೆಯ ದಿನ ಅಣ್ಣ ಉಣ್ಣುವಾಗ ವಿಷಯ ತೆಗೆದಳು. ಅಣ್ಣ ತುತ್ತು ಕೈಯಲ್ಲೇ ಹಿಡಿದು ಕೇಳಿದ, “ನಿನಗ ಅಡಿಗಿ ಬರತೇತೆಲ್ಲ. ಬರೂದನ್ನ ಕಲಿಯಾಕ ಯಾರರ ಕ್ಲಾಸಿಗೆ ಹೊಕ್ಕಾರೇನು?”

“ನಿಮಗ ಮೋಟಾರ್ ಬರತೇತಿ,” ವೈನಿ ಅಂದಳು. “ಹೊಸಾ ನಮೂನಿ ಮೋಟಾರ್ ಬಂದ್ರ ಬಿಚ್ಚಿ ನೋಡೂದಿಲ್ಲೇನ್ರಿ?”

ಅಣ್ಣ ಹಿಡಿದಿದ್ದ ತುತ್ತನ್ನು ಬಾಯಿಗಿಟ್ಟುಕೊಂಡ. ಅಪ್ಪ ಮೂಲೆಯಿಂದ, “ಹೋಗಲಿ ಬಿಡಲೇ. ಕೆಟ್ಟದ್ದನ್ನೆಲ್ಲಾ ನಾ ತಿಂತೇನಿ” ಎಂದು ತೀರ್ಪು ಕೊಟ್ಟ. ಪಾಪ, ಮಾತಿಗೆ ತಪ್ಪಲಿಲ್ಲ. ತಿಂದ.

ಕ್ಲಾಸಿನಿಂದ ಬರುವಾಗ ವೈನಿಯ ನಡಿಗೆಯೇ ಬೇರೆ. ಬೀದಿಯ ತಿರುವಿನಲ್ಲಿ ಸೆರಗು ಕಂಡರೆ, ಇವತ್ತು ಏನೋ ದೊಡ್ಡದು ಕಲಿತಿದ್ದಾಳೆ ಎಂದು ತಿಳಿಯುತ್ತಿತ್ತು. ಬರೆದುಕೊಳ್ಳಲು ನನ್ನ ಹಳೆಯ ನೋಟುಬುಕ್ಕುಗಳನ್ನು ಒಯ್ಯುತ್ತಿದ್ದಳು. ಒಂದು ಪುಟದಲ್ಲಿ ನಾನು ಬಿಡಿಸಿದ ತ್ರಿಕೋನ, ಪಕ್ಕದ ಪುಟದಲ್ಲಿ ಪನೀರ್ ಟಿಕ್ಕಾ. ಆಕೆ ಓದಿದ್ದು ಏಳನೇ ಇಯತ್ತೆ. ಅಕ್ಷರ ದಪ್ಪ ದಪ್ಪ, ಅಳತೆ ಮಾತ್ರ ಕರಾರುವಾಕ್ಕು. ಅಲ್ಲಿ ಕಲಿತದ್ದನ್ನು ಹಾಗೆಯೇ ಮಾಡಿದ ದಿನ ಕಡಿಮೆ. “ಮೇಡಂ ಮೈದಾ ಅಂದಾರ. ನಾ ಜ್ವಾಳದ ಹಿಟ್ಟಿನ್ಯಾಗ ನೋಡ್ತೇನಿ” ಅನ್ನುವಳು. ಮೇಡಂ ಮೊದಮೊದಲು ಸಿಟ್ಟಾಗುತ್ತಿದ್ದರಂತೆ, ಆಮೇಲೆ ತಾವೇ ಬಂದು ವೈನಿಯ ಡಬ್ಬಿ ತೆರೆಸಿ ರುಚಿ ನೋಡುತ್ತಿದ್ದರಂತೆ.

ನನ್ನನ್ನು ಇಳಕಲ್ಲಿಗೆ ಕೊಟ್ಟರು. ಸೀರೆ ವ್ಯಾಪಾರದ ಮನೆ, ದೊಡ್ಡ ಪಡಸಾಲೆ, ಪೂಜೆ ಪುನಸ್ಕಾರದಲ್ಲಿ ಬಿಗಿ. ಅತ್ತೆ ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ಒಂದು ಪದ್ಧತಿ ಇರಬೇಕು ಅನ್ನುವವರು. ಮದುವೆಯಾದ ಮೊದಲ ದೀಪಾವಳಿಯಲ್ಲಿ ಯಾರೋ ಬೇಕರಿಯ ಕೇಕು ತಂದುಕೊಟ್ಟಾಗ ಅತ್ತೆ ಅದನ್ನು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಇರಿಸಿದರು. “ತತ್ತಿ ಹಾಕಿರ್ತಾರ. ದೇವರ ಮನಿ ಕಡೆ ತರಬ್ಯಾಡ್ರಿ” ಅಂದರು. ಓಣಿಯ ಹೆಂಗಸರು ಕೇಕು ತಂದವರ ಬಗ್ಗೆ ವಾರಗಟ್ಟಲೆ ಆಡಿಕೊಂಡರು. ನಾನು ಹೊಸ ಸೊಸೆ, ಅವರ ಮಾತಿಗೆ ನಗುವುದನ್ನು ಆಗ ಕಲಿಯುತ್ತಿದ್ದೆ. ನಕ್ಕೆ.

ನನಗೆ ಐದು ತಿಂಗಳಾದಾಗ ತವರಿನಿಂದ ಬುತ್ತಿ ಬರುವ ದಿನ ಗೊತ್ತುಮಾಡಿದರು. ಬಸುರಿ ಮಗಳ ಬಯಕೆ ತೀರಿಸಲು ತಾಯಿ ಹತ್ತು ನಮೂನೆ ಅಡುಗೆ ಕಟ್ಟಿಕೊಂಡು ಬರುವುದು, ಅದನ್ನು ಓಣಿಯ ಹೆಂಗಸರ ಎದುರಿಗೆ ಬಿಚ್ಚಿ, ಮೊದಲು ಮಗಳಿಗೆ ತಿನ್ನಿಸಿ, ಆಮೇಲೆ ಎಲ್ಲರಿಗೂ ಹಂಚುವುದು ನಮ್ಮ ಕಡೆಯ ಪದ್ಧತಿ. ಬುತ್ತಿ ಹೇಗಿತ್ತು ಅನ್ನುವುದರ ಮೇಲೆ ತವರು ಹೇಗೆ ಅನ್ನುವುದು ತೀರ್ಮಾನವಾಗುತ್ತದೆ. ತಾಯಿ ಇಲ್ಲದ ನನಗೆ ಆ ಜಾಗದಲ್ಲಿ ವೈನಿ. ಒಂದು ತಿಂಗಳು ಮೊದಲೇ ಫೋನು ಮಾಡಿ, “ಏನ ಬಯಕಿ ಆಗೇತಿ, ಹೇಳ ತಂಗೆವ್ವ” ಎಂದಳು. ನನಗೆ ಆಗ ಹಗಲೆಲ್ಲ ಚಿಕ್ಕು ತಿನ್ನಬೇಕು ಅನ್ನಿಸುತ್ತಿತ್ತು. ಹೇಳಿದೆ. “ಕಲಾದಗಿ ಚಿಕ್ಕು ಇದ್ದಾಗ ನಿನಗ್ಯಾಕ ಚಿಂತಿ” ಎಂದು ಫೋನು ಇಟ್ಟಳು.

ಆ ತಿಂಗಳು ಪೂರ್ತಿ ಆಕೆ ಏನು ಮಾಡಿದಳೆಂದು ಅಣ್ಣ ಆಮೇಲೆ ಹೇಳಿದ. ಜೋಳದ ಹಿಟ್ಟು, ಬೆಲ್ಲ, ಚಿಕ್ಕುವಿನ ತಿರುಳು ಹಾಕಿ ಕೇಕು. ಬಸುರಿಗೆ ಮೈದಾ ಬೇಡ ಅನ್ನುವುದು ಆಕೆಯ ಹಟ. ಜೋಳದ ಹಿಟ್ಟಿಗೆ ಜಿಗಿ ಇಲ್ಲ, ಕೇಕು ಕೊಯ್ದರೆ ಪುಡಿಪುಡಿ. ಮೊಸರು ಹಾಕಿ ನೋಡಿದಳು, ಬಾಳೆಹಣ್ಣು ಹಾಕಿ ನೋಡಿದಳು. ಕೊನೆಗೆ ರೊಟ್ಟಿಗೆ ಮಾಡುವ ಹಾಗೆ ಒಂದಿಷ್ಟು ಹಿಟ್ಟನ್ನು ಕುದಿಯುವ ನೀರಿನಲ್ಲಿ ಕಲಸಿ, ಅದನ್ನು ಉಳಿದ ಹಿಟ್ಟಿಗೆ ಸೇರಿಸಿದಳು. ಆಗ ಹಿಡಿಯಿತು. ಕುಕ್ಕರಿನ ತಳಕ್ಕೆ ಉಪ್ಪು ಹಾಸಿ ಸಣ್ಣ ಉರಿಯಲ್ಲಿ ಬೇಯಿಸಿದ್ದು. ಮೇಡಂ ಕ್ಲಾಸಿನ ಎಲ್ಲರನ್ನೂ ಕರೆದು ತೋರಿಸಿದರಂತೆ. ಅಪ್ಪ ಕೆಟ್ಟ ಕೇಕುಗಳನ್ನೆಲ್ಲ ಹಾಲಿನಲ್ಲಿ ನೆನೆಸಿ ತಿಂದು ತೂಕ ಏರಿಸಿಕೊಂಡ.

ಬುತ್ತಿಯ ದಿನ ವೈನಿ, ಅಣ್ಣ ಬೆಳಗಿನ ಬಸ್ಸಿಗೆ ಬಂದರು. ಬಿಳಿ ಬಟ್ಟೆ ಕಟ್ಟಿದ ದೊಡ್ಡ ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ರವೆ ಉಂಡಿ, ಮೊಸರನ್ನ, ಎಲ್ಲ ಇತ್ತು. ಅದರ ಜೊತೆಗೆ ಬೇರೆಯಾಗಿ ಒಂದು ಅಗಲವಾದ ಸ್ಟೀಲ್ ಡಬ್ಬಿ. ಕೈಕಾಲು ತೊಳೆದವಳೇ ವೈನಿ ನನ್ನನ್ನು ಒಳಕೋಣೆಗೆ ಕರೆದು ಡಬ್ಬಿ ಕೈಗಿಟ್ಟಳು.

“ಇದನ್ನ ಎಲ್ಲಾರ ಮುಂದ ನೀನ ಬಿಚ್ಚು. ತತ್ತಿ ಇಲ್ಲ, ಮೈದಾ ಇಲ್ಲ. ಜ್ವಾಳ, ಬೆಲ್ಲ, ನಿನ್ನ ಚಿಕ್ಕು. ನಾನೂ ಇನ್ನಾ ಇದನ್ನ ತಿಂದು ನೋಡಿಲ್ಲ. ಮೊದಲ ತುಣುಕು ನಿಂದು.”

“ಆತ್ ವೈನಿ,” ಅಂದೆ.

ಆಕೆ ಹೊರಗೆ ಹೋದಳು. ಡಬ್ಬಿ ಇನ್ನೂ ಸ್ವಲ್ಪ ಬೆಚ್ಚಗಿತ್ತು. ಪಡಸಾಲೆಯಲ್ಲಿ ಓಣಿಯ ಹದಿನೈದು ಹೆಂಗಸರು ಸೇರಿದ್ದರು. ಕೇಕು ಎಂಬ ಮಾತು ಬಾಯಿಂದ ಬಿದ್ದ ಕೂಡಲೇ ಅವರ ಹುಬ್ಬುಗಳು ಹೇಗೆ ಏರುತ್ತವೆಂದು ನನಗೆ ಕಾಣುತ್ತಿತ್ತು. ತತ್ತಿ ಇಲ್ಲ ಎಂದು ನಾನು ಹೇಳಬೇಕು, ಅವರು ಹೌದೇನು ಎಂದು ಮೂಸಿ ನೋಡಬೇಕು, ನನ್ನ ತವರಿನವರು ಪದ್ಧತಿ ತಿಳಿಯದವರೆಂದು ನಾಳೆ ಬಾವಿಕಟ್ಟೆಯಲ್ಲಿ ಮಾತಾಗಬೇಕು. ಇದೆಲ್ಲ ಯಾಕೆ ಬೇಕು ಅನ್ನಿಸಿತು. ಡಬ್ಬಿಯನ್ನು ನೆಲದ ಮೇಲಿಟ್ಟು ಕಾಲಿನಿಂದ ಮಂಚದ ಕೆಳಗೆ ದೂಡಿದೆ. ಹೌದು, ಕಾಲಿನಿಂದ. ಹೊಟ್ಟೆ ಬಂದಿತ್ತು, ಬಗ್ಗಲು ಆಗುತ್ತಿರಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಐದು ತಿಂಗಳಿಗೆ ಬಗ್ಗಲು ಬರುತ್ತದೆ.

ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಬುಟ್ಟಿ ಬಿಚ್ಚಿದರು. ವೈನಿ ಹೋಳಿಗೆ ಮುರಿದು ತುಪ್ಪ ಹಚ್ಚಿ ನನ್ನ ಬಾಯಿಗಿಟ್ಟಳು. ಹೆಂಗಸರು ಒಂದೊಂದನ್ನೇ ತಿಂದು ರೊಟ್ಟಿ ಭಾಳ ತೆಳ್ಳಗಾಗ್ಯಾವ, ಹೋಳಿಗಿ ಹೂರಣ ಛಲೋ ಐತಿ ಅಂದರು. ವೈನಿ ಮಾತಿಗೆ ಮಾತು ಕೊಡುತ್ತಲೇ ಮತ್ತೆ ಮತ್ತೆ ನನ್ನ ಕಡೆ, ಒಳಕೋಣೆಯ ಬಾಗಿಲ ಕಡೆ ನೋಡುತ್ತಿದ್ದಳು. ಎಲೆಗಳು ಅರ್ಧ ಖಾಲಿಯಾದಾಗ ತಡೆಯಲಾರದೆ, “ತಂಗೆವ್ವ, ಒಳಗ ಇನ್ನೂ ಒಂದು…” ಎಂದು ಶುರು ಮಾಡಿದಳು.

“ಒಳಗ ಏನೂ ಉಳಿದಿಲ್ಲ ವೈನಿ. ಎಲ್ಲಾ ಇಲ್ಲೇ ಅದಾವ,” ಅಂದೆ. ನಗುತ್ತ ಅಂದೆ.

ವೈನಿ ನನ್ನ ಮುಖ ನೋಡಿದಳು. ಆಮೇಲೆ, “ಹೌದ್ ಹೌದ, ನಾನ ಮರತೆ” ಎಂದು ಪಕ್ಕದವರ ಎಲೆಗೆ ಉಂಡಿ ಹಾಕಿದಳು. ಅಲ್ಲಿಗೆ ಮುಗಿದಿದ್ದರೂ ನಾನು ಹೇಗೋ ಸರಿಪಡಿಸಿಕೊಳ್ಳುತ್ತಿದ್ದೆನೇನೋ. ಸಂಜೆ ಗುಟ್ಟಾಗಿ ತಿಂದು, ಭಾಳ ಛಲೋ ಇತ್ತು ಎಂದು ಫೋನು ಮಾಡುವ ಯೋಚನೆಯೂ ಇತ್ತು.

ಬುತ್ತಿ ತಂದ ಪಾತ್ರೆಯನ್ನು ನಮ್ಮ ಕಡೆ ಖಾಲಿ ಕಳಿಸುವುದಿಲ್ಲ. ಏನಾದರೂ ತುಂಬಿ, ಕುಂಕುಮ ಹಚ್ಚಿ ಕೊಡಬೇಕು. ಅಣ್ಣ ಬಸ್ಸಿಗೆ ವೇಳೆಯಾಯಿತು ಎಂದು ಎದ್ದಾಗ ಅತ್ತೆ ಬುಟ್ಟಿಗೆ ಅಕ್ಕಿ, ಕಾಯಿ, ಉತ್ತತ್ತಿ ತುಂಬಿದರು. ಬುಟ್ಟಿ ಕಟ್ಟಲು ಬಟ್ಟೆ ಹುಡುಕುತ್ತ ಒಳಕೋಣೆಗೆ ಹೋದವರು ಮಂಚದ ಕೆಳಗಿನ ಡಬ್ಬಿ ಕಂಡು ಎತ್ತಿ ನೋಡಿದ್ದಾರೆ. ಭಾರವಿದೆ. ಸೊಸೆ ಆಗಲೇ ತುಂಬಿಟ್ಟಿದ್ದಾಳೆ ಎಂದು ತಿಳಿದು, ಸಂತೋಷದಿಂದ ಪಡಸಾಲೆಗೆ ಹಿಡಿದುಕೊಂಡು ಬಂದರು.

“ಹೇಳೂದಕಿನ ಮೊದಲ ತುಂಬಿ ಇಟ್ಟಾಳ ನೋಡ್ರಿ. ನಮ್ಮ ಸೊಸಿ ಶಾಣ್ಯಾ ಅದಾಳ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಮುಚ್ಚಳಕ್ಕೆ ಕುಂಕುಮ ಹಚ್ಚಿ, ವೈನಿಯ ಕೈಗೆ ಕೊಟ್ಟರು.

ವೈನಿ ಎರಡೂ ಕೈಯಿಂದ ತೆಗೆದುಕೊಂಡಳು. ಕೈಗೆ ಭಾರ ಬಿದ್ದ ಕೂಡಲೇ ಆಕೆಗೆ ತಿಳಿಯಿತು. ಹಿಟ್ಟು ಬೆಲ್ಲ ತಾನೇ ಅಳೆದು ಹಾಕಿದ ಡಬ್ಬಿ ಅದು. ನಾನು ಅಲ್ಲೇ ಎರಡು ಮಾರು ದೂರದಲ್ಲಿ ಕಂಬ ಹಿಡಿದು ನಿಂತಿದ್ದೆ. ಅದು ಇನ್ನಾ ಬಿಚ್ಚಿಲ್ಲ, ಇಲ್ಲಿ ಕೊಡ್ರಿ ಎಂದರೆ ಆಗಿತ್ತು. ಅಷ್ಟು ಹೇಳಿದರೆ ಡಬ್ಬಿ ಮುಚ್ಚಿಟ್ಟದ್ದು ಎಲ್ಲರಿಗೂ ಗೊತ್ತಾಗುತ್ತದೆ ಎಂದು ನನ್ನ ನಾಲಿಗೆ ಏಳಲಿಲ್ಲ. ವೈನಿ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡಳು.

“ಭಾಳ ತುಂಬೀರಿ, ದೊಡ್ಡವ್ವಾರ,” ಅಂದಳು ಅತ್ತೆಗೆ.

ನನಗೆ ಬರತೇನಿ ಅಂದಳು, ತಲೆ ಸವರಿದಳು, ಹೋದಳು. ಬಸ್ ಸ್ಟ್ಯಾಂಡು ಆಟೋದಲ್ಲಿ ಐದು ನಿಮಿಷದ ಹಾದಿ. ನಾನು ಹೋಗಲಿಲ್ಲ. ಸಂಜೆ ಫೋನು ಬಂತು. “ಮುಟ್ಟಿದ್ವಿ” ಎಂದಳು. ನಾನು “ಹೂಂ” ಎಂದೆ. ಬಸ್ಸಿನಲ್ಲಿ ಜಾಗ ಇದ್ದರೂ ಆಕೆ ಡಬ್ಬಿಯನ್ನು ಬಾಗಲಕೋಟೆತನಕ ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದಳೆಂದು ಅಣ್ಣ ಬಹಳ ದಿನದ ಮೇಲೆ ಹೇಳಿದ. ಕುಂಕುಮ ಹಚ್ಚಿದ ಡಬ್ಬಿ ಕಾಲಿನ ಹತ್ತಿರ ಇಡಬಾರದು ಅಂದಳಂತೆ. ಮನೆಯಲ್ಲಿ ಮುಚ್ಚಳ ತೆಗೆದಾಗ ಅಣ್ಣನೂ ನೋಡಿದ್ದಾನೆ.

ಇದಾದ ಮೂರು ನಾಲ್ಕು ದಿನಕ್ಕೆ ಅತ್ತೆ ಕಾಳು ಹಸನು ಮಾಡುತ್ತ ಕೂತಾಗ ತಾವಾಗಿಯೇ ಹೇಳಿದರು. “ಬುತ್ತಿ ಛಲೋ ಇತ್ತವಾ, ಇಲ್ಲ ಅನ್ನೂದಿಲ್ಲ. ಆದ್ರ ಎಲ್ಲಾರೂ ತರೂದು ಅದ ಹೋಳಿಗಿ, ಅದ ಉಂಡಿ. ನಿಮ್ಮ ವೈನಿ ಕ್ಲಾಸಿಗೆ ಹೊಕ್ಕಾಳಂತ ಕೇಳಿದ್ವಿ. ಏನರ ಹೊಸಾದು ತರತಾಳ ಅಂತ ನಾವೂ ಹಾದಿ ನೋಡಿದ್ವಿ.”

ನಾನು ಎದ್ದು ಹಿತ್ತಲಿಗೆ ಹೋದೆ. ಅತ್ತೆ ಬಸುರಿನ ವಾಂತಿ ಎಂದುಕೊಂಡು ನಿಂಬೆಹಣ್ಣು ತಂದುಕೊಟ್ಟರು.

ಹೆರಿಗೆಗೆ ತವರಿಗೆ ಹೋದೆ. ವೈನಿ ಮೂರು ತಿಂಗಳು ನನ್ನ ಬಾಣಂತನ ಮಾಡಿದಳು. ಎಣ್ಣೆ ನೀರು, ಅಂಟಿನ ಉಂಡಿ, ಸಬ್ಬಸಗಿ ಪಲ್ಲೆ, ಬಿಸಿ ರೊಟ್ಟಿ, ಯಾವುದಕ್ಕೂ ಕೊರತೆ ಇಲ್ಲ, ಎಲ್ಲ ಪದ್ಧತಿ ಪ್ರಕಾರ. ಬುಧವಾರ, ಶನಿವಾರ ಕ್ಲಾಸಿಗೂ ಹೋಗುತ್ತಿದ್ದಳು. ಬಂದು ಡಬ್ಬಿಯನ್ನು ನೇರವಾಗಿ ಅಪ್ಪನ ಕೋಣೆಗೆ ಒಯ್ಯುತ್ತಿದ್ದಳು. ನನಗೆ ವಾಸನೆ ಮಾತ್ರ ಬರುತ್ತಿತ್ತು. ಒಮ್ಮೆ “ನನಗ?” ಎಂದು ಕೇಳಿದೆ. “ಬಾಣಂತಿ ತಿನ್ನೂದಲ್ಲ ಅದು, ತಂಗೆವ್ವ” ಎಂದಳು. ಖರೆಯೇ. ಎದುರು ಮಾತಾಡುವ ಹಾಗಿರಲಿಲ್ಲ.

ಆದರೆ ಬಾಣಂತನ ಮುಗಿದು ವರ್ಷಗಳಾದರೂ ಹಾಗೆಯೇ ನಡೆಯಿತು. ನಾನು ಹೋದಾಗಲೆಲ್ಲ ಮನೆ ತುಂಬ ಬೀಗರ ಅಡುಗೆ. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ. ನಾನು ಅಡುಗೆಕೋಣೆಯ ಕಡೆ ಹೊರಟರೆ, “ನೀ ಬಸ್ಸಿನ್ಯಾಗ ದಣದ ಬಂದಾಕಿ, ಕುಂದರು” ಎಂದು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಡುತ್ತಿದ್ದಳು. ರಜೆಗೆ ಹೋಗಿ ಬಂದ ನನ್ನ ಮಗ, ಬಾಗಲಕೋಟಿ ಅತ್ತಿ ಪಾಸ್ತಾ ಮಾಡಿದ್ಲು, ಮೊಮೊ ಮಾಡಿದ್ಲು ಎಂದು ಇಳಕಲ್ಲಿನಲ್ಲಿ ಕುಣಿಯುತ್ತಿದ್ದ. ನನ್ನ ಬಟ್ಟಲಿಗೆ ಮಾತ್ರ ಎಂದೂ ಬೀಳಲಿಲ್ಲ. ಆಕೆ ಸಿಟ್ಟಿನಿಂದ ಒಂದು ಮಾತು ಆಡಿದ್ದರೆ ನಾನು ಕಾಲು ಹಿಡಿಯಬಹುದಿತ್ತು. ಆಡಲಿಲ್ಲ. ಅಷ್ಟು ಒಳ್ಳೆಯ ರೊಟ್ಟಿಯನ್ನು ನಾನು ಅಷ್ಟು ಕಷ್ಟದಿಂದ ನುಂಗಿದ್ದು ಆಗಲೇ.

ಹೇಳಿಬಿಡಬೇಕು ಎಂದು ಒಮ್ಮೆ ಗಟ್ಟಿ ಮನಸ್ಸು ಮಾಡಿದ್ದೆ. ಮಗನ ಜವಳ ಮುಗಿಸಿ ಇಬ್ಬರೇ ಬಾದಾಮಿಯ ಬನಶಂಕರಿಗೆ ಹೋದ ದಿನ. ಗುಡಿಯ ಹೊರಗೆ ಬುಟ್ಟಿಯಲ್ಲಿ ರೊಟ್ಟಿ, ಪಲ್ಲೆ, ಮೊಸರು ಮಾರುವ ಅಜ್ಜಿಯ ಮುಂದೆ ನೆರಳಿನಲ್ಲಿ ಕೂತೆವು. ವೈನಿ ಉಣ್ಣುವುದನ್ನು ಬಿಟ್ಟು, ಕೆಂಪು ಖಾರಕ್ಕೆ ಏನೇನು ಹಾಕೀಯವಾ, ಎಷ್ಟ ದಿನ ಇಡ್ತೀಯವಾ ಎಂದು ಅಜ್ಜಿಯನ್ನು ಹಿಡಿದಳು. ಅಜ್ಜಿ ಗುಟ್ಟು ಬಿಡಲೊಲ್ಲಳು, ಇವಳು ಬಿಡಲೊಲ್ಲಳು. ಕೊನೆಗೆ ಅಜ್ಜಿ ಸೋತು, ಮೆಂತ್ಯೆ ಹುರಿಯುವುದನ್ನು ಕೈಸನ್ನೆಯಲ್ಲಿ ತೋರಿಸಿದಳು. ವೈನಿಯ ಮುಖ ಹತ್ತು ವರ್ಷ ಚಿಕ್ಕದಾಯಿತು. ಹಳೆಯ ವೈನಿ ಸಿಕ್ಕಳು ಎಂದು ನನಗೆ ಧೈರ್ಯ ಬಂತು.

“ವೈನಿ, ಆವತ್ತಿನ ಆ ಬುತ್ತಿ…”

“ಯಾವ ಬುತ್ತಿ?” ಎಂದಳು. ನನ್ನ ಎಲೆಗೆ ಇನ್ನೊಂದು ರೊಟ್ಟಿ ಹಾಕಿದಳು. “ಆರತೇತಿ, ಉಣ್ಣು.”

ಆಕೆ ಮರೆತಿಲ್ಲ ಎಂದು ನನಗೆ ಗೊತ್ತಿತ್ತು. ಮರೆತವರು ಯಾವ ಬುತ್ತಿ ಎಂದು ಅಷ್ಟು ಬೇಗ ಕೇಳುವುದಿಲ್ಲ. ಆದರೂ ನಾನು ಉಂಡೆ. ಇನ್ನೊಂದು ಸಲ ಕೇಳುವ ಛಾತಿ ಇರಲಿಲ್ಲ, ಮುಂದೆ ಯಾವಾಗಲಾದರೂ ಆದೀತು ಎಂದುಕೊಂಡೆ. ಆಮೇಲೆ ಹುನಗುಂದದ ಶಾಲೆಯಲ್ಲಿ ನನಗೆ ನೌಕರಿಯಾಯಿತು, ಬಸ್ಸು, ಮಕ್ಕಳು, ಪರೀಕ್ಷೆ. ಅಪ್ಪ ಹೋದ. ವರ್ಷಕ್ಕೆ ಮೂರೋ ನಾಲ್ಕೋ ಸಲ ತವರಿಗೆ ಹೋಗುವುದು, ಕುರ್ಚಿಯ ಮೇಲೆ ಕೂತು ಹೋಳಿಗೆ ಉಂಡು ಬರುವುದು, ಇಷ್ಟೇ ಉಳಿಯಿತು.

ಹೋದ ವರ್ಷ ಶನಿವಾರ ಮಧ್ಯಾಹ್ನ ಕ್ಲಾಸಿಗೆ ಹೊರಟು ಚಪ್ಪಲಿ ಹಾಕಿಕೊಳ್ಳುವಾಗ ವೈನಿ ಎದೆ ಹಿಡಿದುಕೊಂಡು ಕೂತಳಂತೆ. ದವಾಖಾನೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಐವತ್ತು ಕೂಡ ತುಂಬಿರಲಿಲ್ಲ. ನಾನು ಹುನಗುಂದದಿಂದ ಬಂದು ಮುಟ್ಟಿದಾಗ ಹೂವಿನ ಮಾಲೆ ಹಾಕಿ ಕೂರಿಸಿದ್ದರು. ಕಾಲು ಹಿಡಿದು ಅತ್ತುಬಿಟ್ಟೆ. ಯಾಕೆ ಅಷ್ಟು ಅಳುತ್ತಿದ್ದೇನೆಂದು ಬಂದವರು ಯಾರೂ ಕೇಳಲಿಲ್ಲ. ತಾಯಿಯ ಹಾಗೆ ಸಾಕಿದ ವೈನಿ, ಅಳುತ್ತಾಳೆ, ಅಷ್ಟೇ.

ವೈನಿಯ ಹೆಸರಿನಲ್ಲಿ ಊಟ ಹಾಕಿಸುವ ಶಿವಗಣಾರಾಧನೆಯ ದಿನ ಉಂಡವರೆಲ್ಲ ಎದ್ದು ಹೋದಮೇಲೆ ಅಂಗಳದ ಪೆಂಡಾಲಿನಲ್ಲಿ ಏಳೆಂಟು ಹೆಂಗಸರು ಉಳಿದಿದ್ದರು. ನನಗೆ ಗುರುತಿಲ್ಲದವರು. ನಡುವೆ ಬೆಳ್ಳಿ ಕೂದಲಿನ, ಕೋಲು ಹಿಡಿದ ಒಬ್ಬರು. ಅಣ್ಣ ನನ್ನನ್ನು ಕರೆದು, “ಇವರು ಕ್ಲಾಸಿನ ಮೇಡಂ” ಎಂದ. ಅವರಿಗೆ, “ಈಕಿ ನನ್ನ ತಂಗಿ, ಇಳಕಲ್ಲಾಕಿ” ಎಂದ.

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. “ಅಯ್ಯ, ನೀವ ಏನ್ರಿ ಆ ನಾದಿನಿ!” ಎಂದಳು ಒಬ್ಬಳು.

ನನಗೆ ತಿಳಿಯಲಿಲ್ಲ. ಮೇಡಂ ಹೇಳಿದರು. ಹತ್ತು ವರ್ಷದಿಂದ ಕೇಕಿನ ಪಾಠ ವೈನಿಯೇ ಮಾಡುತ್ತಿದ್ದಳಂತೆ. ಹೊಸದಾಗಿ ಬಂದವರಿಗೆ ಮೊದಲು ಕಲಿಸುವುದು ಜೋಳದ ಹಿಟ್ಟಿನ ಚಿಕ್ಕು ಕೇಕು. ಕ್ಲಾಸಿನಲ್ಲಿ ಅದಕ್ಕೆ ನಾದಿನಿ ಕೇಕು ಎಂದೇ ಹೆಸರು. ನವನಗರದಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಅದನ್ನೇ ಮಾಡುತ್ತಾರಂತೆ.

“ಪ್ರತಿ ಸಲ ಹೇಳತಿದ್ರು,” ಆ ಹೆಂಗಸು ಅಂದಳು. “‘ನನ್ನ ನಾದಿನಿ ಬಯಕಿ ಬುತ್ತಿಗೆ ಮಾಡಿ ಒಯ್ದಿದ್ದೆ. ಒಂದ ತುಣುಕು ಉಳೀಲಿಲ್ಲ. ಬೀಗ್ತೇರು ಬೆರಳ ನೆಕ್ಕಿದ್ರು. ನನ್ನ ನಾದಿನಿ ಅಂತೂ ಎರಡ ತುಣುಕು ತಿಂದ್ಲು’ ಅಂತ. ಅದನ್ನ ಹೇಳೂ ಮುಂದ ಅವರ ಮಾರಿ ನೋಡಬೇಕಿತ್ರಿ.”

ಅಣ್ಣ ನೀರಿನ ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದ. ಮುಚ್ಚಳ ತೆಗೆದಾಗ ಅಖಂಡ ಕೇಕನ್ನು ಕಣ್ಣಾರೆ ಕಂಡವನು ಅವನು. ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ.

“ಖರೆರಿ,” ಎಂದ ಅವರಿಗೆ. “ಎರಡ ತುಣುಕು ತಿಂದ್ಲು. ನಾ ಅಲ್ಲೇ ಇದ್ದೆ.”

ಮೇಡಂ ನನ್ನ ಕೈ ಹಿಡಿದುಕೊಂಡರು. “ನಾವು ಎಷ್ಟ ಮಾಡಿದ್ರೂ ಆಕಿ ಹೇಳೂ ಹದಕ್ಕ ಬರಲಿಲ್ಲವಾ. ಆವತ್ತಿನ ಕೇಕ ಬ್ಯಾರೇನ ಇತ್ತು ಅಂತಿದ್ಲು. ಅದನ್ನ ತಿಂದಾಕಿ ನೀ. ಹ್ಯಾಂಗಿತ್ತು, ಹೇಳವಾ.”

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಭಾಳ ಛಲೋ ಇತ್ರಿ,” ಅಂದೆ.

ಹೇಗಿತ್ತೆಂದು ನನಗೆ ಗೊತ್ತಿಲ್ಲ.